ಬಹುಕರ್ತೃಕವಾದ ಅಂತರ್ಜಾಲ ಆಕರಗಳ ಉಲ್ಲೇಖ: ಚರಿತ್ರಕಾರನ ದೃಷ್ಟಿಯಿಂದ ಕೆಲವು ವಿಚಾರಗಳು

ಸಂಶೋಧನ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ‘ಮತ್ತಿತರರು’ ಎಂಬ ಮಾತು ಈಚೆಗೆ ಹೆಚ್ಚು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದೆ. ಒಂದು ಗ್ರಂಥಕ್ಕೋ ಲೇಖನಕ್ಕೋ ಕರ್ತೃಗಳು ಹಲವರಿದ್ದಾಗ ಮೊದಲನೆಯವರ ಹೆಸರನ್ನು ಮಾತ್ರ ಕೊಟ್ಟು, ಉಳಿದವರೆಲ್ಲರನ್ನೂ ಈ ಒಂದು ಪದದಲ್ಲಿ ಅಡಗಿಸುವುದು ಪಾಶ್ಚಾತ್ಯ ವಿದ್ವತ್ಪದ್ಧತಿಯಿಂದ ನಮಗೆ ಬಂದ ರೂಢಿ. ಚರಿತ್ರಕಾರನು ಅಚ್ಚಿನ ಪುಸ್ತಕಗಳನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ ಇದರ ಪ್ರಸಕ್ತಿ ವಿರಳವಾಗಿತ್ತು; ಅವನು ಓದುತ್ತಿದ್ದ ಗ್ರಂಥಗಳಲ್ಲಿ ಬಹುಪಾಲು ಒಬ್ಬರೇ ಬರೆದವು, ಹೆಚ್ಚೆಂದರೆ ಇಬ್ಬರು ಕೂಡಿ ಬರೆದವು. ಇಂದು ಅಂತರ್ಜಾಲದ ಮೂಲಕ ಅವನ ಮೇಜಿಗೆ ಬರುವ ಆಕರಗಳ ಬಗೆಯೇ ಬೇರೆ. ನೂರು ಮಂದಿ ವಿಜ್ಞಾನಿಗಳು ಕೂಡಿ ಬರೆದ ಲೇಖನ, ಮೂರು ತಲೆಮಾರಿನ ಸಂಪಾದಕರ ಕೈದಾಟಿ ಬಂದ ಶಾಸನ ಸಂಪುಟದ ಛಾಯಾಪ್ರತಿ, ಯಾರು ಬರೆದರೆಂದು ಮೇಲ್ನೋಟಕ್ಕೆ ತಿಳಿಯದ ವಿಶ್ವಕೋಶದ ಪುಟ, ಇವೆಲ್ಲವೂ ಒಂದೇ ತೆರೆಯ ಮೇಲೆ ಒಂದರ ಪಕ್ಕದಲ್ಲೊಂದು ತೋರುತ್ತವೆ. ಇವನ್ನು ಉಲ್ಲೇಖಿಸುವ ಕ್ರಮವೇನು ಎಂಬುದು ಕೇವಲ ಅಲ್ಪವಿರಾಮ, ಅರ್ಧವಿರಾಮಗಳ ಪ್ರಶ್ನೆಯೆಂದು ಹಲವರು ಭಾವಿಸುವುದುಂಟು. ಅದು ಹಾಗಲ್ಲವೆಂದೂ, ಆಕರ ವಿಮರ್ಶೆಯ ಮೂಲಪ್ರಶ್ನೆಯೇ ಅದರಲ್ಲಿ ಅಡಗಿದೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಉಲ್ಲೇಖದ ಪ್ರಯೋಜನಗಳು ಮೂರು. ಓದುಗನು ಆಕರವನ್ನು ಹುಡುಕಿ ತೆಗೆಯುವುದಕ್ಕೆ ದಾರಿ ತೋರುವುದು ಮೊದಲನೆಯದು. ದುಡಿದವರಿಗೆ ಅವರ ದುಡಿಮೆಯ ಮನ್ನಣೆಯನ್ನು ಸಲ್ಲಿಸುವುದು ಎರಡನೆಯದು. ಈ ಎರಡನ್ನೂ ಎಲ್ಲರೂ ಬಲ್ಲರು. ಮೂರನೆಯದು ಚರಿತ್ರಕಾರನಿಗೆ ವಿಶೇಷವಾಗಿ ಸಂಬಂಧಿಸಿದ್ದು: ಒಂದು ಸಂಗತಿಗೆ ಸಾಕ್ಷಿಗಳು ಎಷ್ಟು ಮಂದಿ, ಅವರು ಪರಸ್ಪರ ಸ್ವತಂತ್ರರೇ, ಯಾವ ಮಾತಿಗೆ ಯಾರು ಹೊಣೆ ಎಂಬುದನ್ನು ಓದುಗನು ತಾನೇ ತೂಗಿ ನೋಡಲು ಅವಕಾಶ ಮಾಡಿಕೊಡುವುದು. ಕರ್ತೃಗಳ ಹೆಸರನ್ನು ಮರೆಮಾಡುವ ಯಾವ ಪದ್ಧತಿಯನ್ನಾದರೂ ಈ ಮೂರನೆಯ ಒರೆಗಲ್ಲಿಗೆ ತಿಕ್ಕಿ ನೋಡಬೇಕಾಗುತ್ತದೆ.

ಹಲವರು ಕೂಡಿ ಗ್ರಂಥ ರಚಿಸುವುದು ಹೊಸ ಕಾಲದ ಸೋಜಿಗವೇನೂ ಅಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಆಳ್ವಿಕೆಯಲ್ಲಿ ಕ್ರಿ.ಶ. ೮೩೭ರಲ್ಲಿ ಪೂರ್ಣಗೊಂಡ ಜಯಧವಳಾ ಟೀಕೆಯನ್ನು ಆರಂಭಿಸಿದವರು ವೀರಸೇನಾಚಾರ್ಯರು. ಅವರು ಇಪ್ಪತ್ತು ಸಾವಿರ ಗ್ರಂಥ ಪರಿಮಾಣದಷ್ಟನ್ನು ಬರೆದು ಕಾಲವಾದ ಮೇಲೆ ಉಳಿದ ನಲವತ್ತು ಸಾವಿರವನ್ನು ಬರೆದು ಮುಗಿಸಿದವರು ಶಿಷ್ಯರಾದ ಜಿನಸೇನಾಚಾರ್ಯರು. ಆ ಜಿನಸೇನರೇ ಕೈಗೊಂಡ ಆದಿಪುರಾಣವು ನಲವತ್ತೆರಡು ಪರ್ವಗಳನ್ನು ದಾಟಿ ನಲವತ್ತಮೂರನೆಯದರ ಆರಂಭದಲ್ಲಿಯೇ ನಿಂತುಹೋಗಲು, ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಅದನ್ನು ಪೂರೈಸಿ, ಉತ್ತರಪುರಾಣವನ್ನೂ ರಚಿಸಿದರು. ಉತ್ತರಪುರಾಣದ ಪ್ರಶಸ್ತಿಯಲ್ಲಿ ಗುಣಭದ್ರರ ಶಿಷ್ಯರಾದ ಲೋಕಸೇನರ ಕೈವಾಡವೂ ಉಂಟೆಂದು ವಿದ್ವಾಂಸರು ಗುರುತಿಸಿರುವರು. ಶಕ ೮೨೦ರ ಕಾಲನಿರ್ದೇಶವೂ ಬಂಕಾಪುರದ ಹೆಸರೂ ನಮಗೆ ದೊರೆಯುವುದು ಅಲ್ಲಿಯೇ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಗುರುವಿನ ಕೀರ್ತಿಯಲ್ಲಿ ಶಿಷ್ಯನ ಪಾಲಾಗಲಿ, ಶಿಷ್ಯನ ಕೀರ್ತಿಯಲ್ಲಿ ಗುರುವಿನ ಪಾಲಾಗಲಿ ಕರಗಿಹೋಗಲಿಲ್ಲ. ಎಲ್ಲಿಯವರೆಗೆ ಯಾರು, ಎಲ್ಲಿಂದ ಮುಂದೆ ಯಾರು ಎಂಬುದು ಪರಂಪರೆಯಲ್ಲಿ ಉಳಿದುಬಂದಿತು. ಆದುದರಿಂದಲೇ ಆದಿಪುರಾಣದ ಕೊನೆಯ ಪರ್ವಗಳಿಂದ ಒಂದು ಮಾತನ್ನು ಎತ್ತಿಕೊಳ್ಳುವ ಚರಿತ್ರಕಾರನು ಅದನ್ನು ಜಿನಸೇನರ ಮಾತೆಂದು ಹೇಳುವಂತಿಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನವೂ ನಮ್ಮಲ್ಲಿಯೇ ಇದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ೧೮೯೮ರಲ್ಲಿ ಪ್ರಕಟಿಸಿದಾಗ ಅದನ್ನು ನೃಪತುಂಗನ ಕೃತಿಯೆಂದರು. ಶ್ರೀವಿಜಯನೇ ಕರ್ತೃವೆಂಬ ಪಕ್ಷವು ಬಳಿಕ ಬಲಗೊಂಡಿತು. ಅರಸನ ಅನುಮತಿ, ಕವಿಯ ರಚನೆ ಇವೆರಡರ ಗಡಿ ಎಲ್ಲಿ ಎಂಬುದು ಖಚಿತವಾಗಿ ದಾಖಲಾಗದಿದ್ದುದರಿಂದ ಚರ್ಚೆಯು ತಲೆಮಾರುಗಳವರೆಗೆ ನಡೆಯಬೇಕಾಯಿತು. ಕರ್ತೃಗಳ ಪಾಲನ್ನು ಬರೆದಿಟ್ಟರೆ ಮುಂದಿನವರಿಗೆ ಎಷ್ಟು ಅನುಕೂಲ, ಬರೆದಿಡದಿದ್ದರೆ ಎಷ್ಟು ತೊಡಕು ಎಂಬುದಕ್ಕೆ ಒಂದೇ ರಾಜಾಸ್ಥಾನದ ಈ ಎರಡು ಉದಾಹರಣೆಗಳು ಸಾಕು.

ಇನ್ನು ಮುದ್ರಣ ಯುಗಕ್ಕೆ ಬರೋಣ. ಕರ್ಣಾಟಕದ ಇತಿಹಾಸವನ್ನು ಅಭ್ಯಸಿಸುವ ವಿದ್ಯಾರ್ಥಿಯು ಇಂದು ಅಂತರ್ಜಾಲದಲ್ಲಿ ಹುಡುಕುವ ಗ್ರಂಥಗಳಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಬಿ. ಎಲ್. ರೈಸ್ ಅವರು ೧೮೮೬ರಿಂದ ೧೯೦೫ರವರೆಗೆ ಹೊರತಂದ ಹನ್ನೆರಡು ಸಂಪುಟಗಳ ಛಾಯಾಪ್ರತಿಗಳು ಮನೆಯಲ್ಲಿ ಕುಳಿತೇ ಓದುವಂತೆ ದೊರೆಯುತ್ತಿರುವುದು ಮಹೋಪಕಾರವೇ ಸರಿ. ಆದರೆ ಈ ಮಾಲೆಯ ಎರಡನೆಯ ಸಂಪುಟವಾದ ಶ್ರವಣಬೆಳಗೊಳದ ಶಾಸನಗಳನ್ನು ನೋಡಿರಿ. ೧೮೮೯ರಲ್ಲಿ ರೈಸ್ ಅವರು ಪ್ರಕಟಿಸಿದ ಆವೃತ್ತಿಯಲ್ಲಿ ೧೪೪ ಶಾಸನಗಳಿದ್ದುವು. ಆರ್. ನರಸಿಂಹಾಚಾರ್ ಅವರು ಪರಿಷ್ಕರಿಸಿ ೧೯೨೩ರಲ್ಲಿ ಪ್ರಕಟಿಸಿದಾಗ ಅವು ೫೦೦ ಆದುವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಹೊರತಂದ ಆವೃತ್ತಿಯಲ್ಲಿ ೫೭೩ ಶಾಸನಗಳಿವೆ. ಸಂಖ್ಯೆ ಬೆಳೆದಂತೆ ಕ್ರಮಾಂಕಗಳೂ ಬದಲಾದುವು. ಮಲ್ಲಿಷೇಣ ಪ್ರಶಸ್ತಿಯೆಂದು ಹೆಸರಾದ ಹನ್ನೆರಡನೆಯ ಶತಮಾನದ ಶಾಸನವು ರೈಸ್ ಅವರಲ್ಲಿ ೫೪ನೆಯದು, ನರಸಿಂಹಾಚಾರ್ ಅವರಲ್ಲಿ ೬೭ನೆಯದು. ‘ಎ. ಕ., ಸಂಪುಟ ೨, ಸಂಖ್ಯೆ ೬೭’ ಎಂದು ಬರೆದು, ಕರ್ತೃವಿನ ಸ್ಥಾನದಲ್ಲಿ ರೈಸ್ ಎಂದು ಸೇರಿಸಿದರೆ, ಓದುಗನು ೧೮೮೯ರ ಪ್ರತಿಯನ್ನು ತೆರೆದು ಬೇರೆ ಶಾಸನವೊಂದರ ಮುಂದೆ ಬೆರಗಾಗಿ ನಿಲ್ಲುವನು. ಒಂದು ಪಾಠವನ್ನು ಓದಿದವರು ಯಾರು, ಅದನ್ನು ತಿದ್ದಿದವರು ಯಾರು ಎಂಬುದೂ ಅಲ್ಲಿ ಕಾಣೆಯಾಗುತ್ತದೆ. ಅಂತರ್ಜಾಲದ ಸೂಚಿಗಳಲ್ಲಿ ಇಂತಹ ಸಂಪುಟಗಳ ಮುಂದೆ ಒಂದೇ ಹೆಸರು ಇರುವುದೂ ಉಂಟು, ಆವೃತ್ತಿಯ ವರ್ಷ ಇಲ್ಲದಿರುವುದೂ ಉಂಟು. ಆದಕಾರಣ ಸೂಚಿಯನ್ನು ನಕಲು ಮಾಡದೆ, ಛಾಯಾಪ್ರತಿಯೊಳಗಿನ ಶೀರ್ಷಿಕೆಯ ಪುಟವನ್ನು ತೆರೆದು ನೋಡಿಯೇ ಉಲ್ಲೇಖವನ್ನು ಬರೆಯಬೇಕು. ಜಾಲವಿಳಾಸವು ಪುಸ್ತಕ ಇರುವ ಕಪಾಟಿನ ಗುರುತು ಮಾತ್ರ. ಅದು ಕರ್ತೃವೂ ಅಲ್ಲ, ಪ್ರಕಾಶಕನೂ ಅಲ್ಲ.

ಕರ್ಣಾಟಕ ಕವಿಚರಿತೆಯ ವಿಷಯವು ಇನ್ನೂ ಸ್ವಾರಸ್ಯವಾದುದು. ೧೯೦೭ರಲ್ಲಿ ಪ್ರಕಟವಾದ ಅದರ ಮೊದಲನೆಯ ಸಂಪುಟವು ಆರ್. ನರಸಿಂಹಾಚಾರ್ ಮತ್ತು ಎಸ್. ಜಿ. ನರಸಿಂಹಾಚಾರ್ ಇಬ್ಬರೂ ಕೂಡಿ ಸಿದ್ಧಪಡಿಸಿದ್ದು. ಎಸ್. ಜಿ. ನರಸಿಂಹಾಚಾರ್ ಅವರು ಅದೇ ವರ್ಷ ತೀರಿಕೊಂಡರು. ೧೯೧೯ರ ಎರಡನೆಯ ಸಂಪುಟವೂ ೧೯೨೯ರ ಮೂರನೆಯ ಸಂಪುಟವೂ ಆರ್. ನರಸಿಂಹಾಚಾರ್ ಒಬ್ಬರ ಕೆಲಸ. ಈ ಮೂರನ್ನೂ ಒಟ್ಟಾಗಿ ‘ನರಸಿಂಹಾಚಾರ್, ಕವಿಚರಿತೆ’ ಎಂದು ಬರೆಯುವವರು ಬಹುಮಂದಿ. ಹಾಗೆ ಬರೆದಾಗ ಮೊದಲ ಸಂಪುಟದಲ್ಲಿ ದುಡಿದ ಇನ್ನೊಬ್ಬ ವಿದ್ವಾಂಸರು, ಸಹಕರ್ತೃವಿನ ಹೆಸರೂ ತಮ್ಮ ಹೆಸರೂ ಒಂದೇ ಆದ ಕಾರಣದಿಂದಲೇ, ಯಾರ ಗಮನಕ್ಕೂ ಬಾರದಂತೆ ಅಳಿಸಿಹೋಗುತ್ತಾರೆ. ಇಬ್ಬರು ಕರ್ತೃಗಳಿದ್ದಲ್ಲಿ ‘ಮತ್ತಿತರರು’ ಎನ್ನುವ ಅಗತ್ಯವೇ ಇಲ್ಲ. ಆದರೂ ಒಬ್ಬರು ಮರೆಯಾಗಲು ಇಷ್ಟು ಸಾಕಾಯಿತು.

ಇಲ್ಲಿಯೇ ಕನ್ನಡಿಗರ ಹೆಸರುಗಳ ವಿಚಾರವಾಗಿ ಒಂದು ಮಾತು. ಪಾಶ್ಚಾತ್ಯ ಕೈಪಿಡಿಗಳು ಕುಲನಾಮವನ್ನು ಮುಂದಿಟ್ಟು, ಸ್ವಂತ ಹೆಸರನ್ನು ಮೊದಲಕ್ಷರಕ್ಕೆ ಇಳಿಸಬೇಕೆನ್ನುತ್ತವೆ. ಬೇಂದ್ರೆ ಎಂಬುದು ಕುಲನಾಮವಾದುದರಿಂದ ‘ಬೇಂದ್ರೆ, ದ. ರಾ.’ ಎಂದು ಬರೆದರೆ ಬಾಧಕವಿಲ್ಲ. ಆದರೆ ಹಳೆಯ ಮೈಸೂರಿನ ಕಡೆಯ ಅನೇಕ ಹೆಸರುಗಳಲ್ಲಿ ಮೊದಲಕ್ಷರಗಳು ಊರನ್ನೋ ತಂದೆಯ ಹೆಸರನ್ನೋ ಸೂಚಿಸುವುವು. ಕೊನೆಯಲ್ಲಿರುವುದು ವ್ಯಕ್ತಿಯ ಸ್ವಂತ ಹೆಸರೇ ಹೊರತು ಕುಲದ್ದಲ್ಲ. ಅಂತಹ ಹೆಸರಿನಿಂದ ಮೊದಲಕ್ಷರಗಳನ್ನು ಕಳಚಿದರೆ ವ್ಯಕ್ತಿಯ ಗುರುತೇ ಉಳಿಯುವುದಿಲ್ಲ. ಹೆಸರುಗಳನ್ನು ತಾನೇ ಜೋಡಿಸಿಕೊಡುವ ಗಣಕಯಂತ್ರದ ತಂತ್ರಾಂಶಕ್ಕೆ ಈ ಸೂಕ್ಷ್ಮವು ತಿಳಿಯದು. ತಿಳಿದವರು ತಿದ್ದಬೇಕು.

ಈಗ ಅಂತರ್ಜಾಲದಲ್ಲಿಯೇ ಮೊದಲು ಬೆಳಕು ಕಂಡ ಬಹುಕರ್ತೃಕ ಲೇಖನಗಳ ವಿಷಯ. ಭಾರತದ ಪ್ರಾಚೀನ ಚರಿತ್ರೆಯನ್ನು ಬೋಧಿಸುವ ಯಾರೂ ಇಂದು ಪ್ರಾಚೀನ ಡಿ.ಎನ್.ಎ. ಸಂಶೋಧನೆಗಳನ್ನು ಬದಿಗಿಡುವಂತಿಲ್ಲ. ೨೦೧೮ರ ಮಾರ್ಚ್ ತಿಂಗಳಲ್ಲಿ ದಕ್ಷಿಣ ಮತ್ತು ಮಧ್ಯ ಏಷ್ಯದ ಜನಸಮುದಾಯಗಳ ಉಗಮವನ್ನು ಕುರಿತ ಲೇಖನವೊಂದು, ಪತ್ರಿಕೆಯ ವಿಮರ್ಶಕರ ಪರಿಶೀಲನೆಗೆ ಮುಂಚೆಯೇ, ಪೂರ್ವಮುದ್ರಣದ ರೂಪದಲ್ಲಿ ಬಯೋಆರ್ಕೈವ್ ಎಂಬ ಜಾಲಭಂಡಾರದಲ್ಲಿ ಪ್ರಕಟವಾಯಿತು. ಮೊದಲ ಕರ್ತೃ ವಾಘೀಶ್ ನರಸಿಂಹನ್. ಕರ್ತೃಗಳು ತೊಂಬತ್ತಕ್ಕೂ ಮಿಕ್ಕು. ಅದರ ಆಧಾರ ೩೬೨ ಪ್ರಾಚೀನ ವ್ಯಕ್ತಿಗಳ ಅವಶೇಷಗಳು. ಅದೇ ಸಂಶೋಧನೆಯು ಪರಿಷ್ಕಾರಗೊಂಡು, ಶೀರ್ಷಿಕೆಯೂ ಬದಲಾಗಿ, ೨೦೧೯ರ ಸೆಪ್ಟೆಂಬರಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಾಗ ಆಧಾರವು ೫೨೩ ವ್ಯಕ್ತಿಗಳಿಗೆ ಏರಿತ್ತು. ಕರ್ತೃಗಳೂ ನೂರನ್ನು ಮೀರಿದ್ದರು. ಎರಡನ್ನೂ ‘ನರಸಿಂಹನ್ ಮತ್ತಿತರರು’ ಎಂದೇ ಉಲ್ಲೇಖಿಸುವುದು ಇಂದಿನ ರೂಢಿ. ವರ್ಷವನ್ನು ಕಾಣಿಸದಿದ್ದರೆ ಅಥವಾ ಪೂರ್ವಮುದ್ರಣವೆಂಬುದನ್ನು ಹೇಳದಿದ್ದರೆ, ಓದುಗನಿಗೆ ೩೬೨ರ ಆಧಾರದ ಮಾತು ಯಾವುದು, ೫೨೩ರ ಆಧಾರದ ಮಾತು ಯಾವುದು ಎಂಬುದು ತಿಳಿಯದು. ಎರಡನ್ನೂ ಬೇರೆ ಬೇರೆ ಲೇಖನಗಳಂತೆ ಪಟ್ಟಿಮಾಡಿದರೆ ಒಂದೇ ಸಂಶೋಧನೆ ಎರಡಾಗಿ ಕಾಣುವುದು.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯವು ಮತ್ತೊಂದಿದೆ. ೨೦೧೯ರ ಸೆಪ್ಟೆಂಬರಿನ ಅದೇ ವಾರದಲ್ಲಿ ಹರಿಯಾಣದ ರಾಖಿಗಢಿಯಲ್ಲಿ ದೊರೆತ ಹರಪ್ಪ ಕಾಲದ ಅವಶೇಷವೊಂದರ ಡಿ.ಎನ್.ಎ. ಕುರಿತ ಲೇಖನವು ಸೆಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಮೊದಲ ಕರ್ತೃ ಪುರಾತತ್ತ್ವಜ್ಞರಾದ ವಸಂತ ಶಿಂಧೆ. ಅಡಿಟಿಪ್ಪಣಿಯಲ್ಲಿ ‘ನರಸಿಂಹನ್ ಮತ್ತಿತರರು, ಶಿಂಧೆ ಮತ್ತಿತರರು’ ಎಂದು ಬರೆದಾಗ ಅದು ಬೇರೆ ಬೇರೆ ಇಬ್ಬರು ಸಾಕ್ಷಿಗಳ ನುಡಿಯಂತೆ ಕೇಳಿಸುತ್ತದೆ. ಕರ್ತೃಗಳ ಪೂರ್ಣ ಪಟ್ಟಿಯನ್ನು ತೆರೆದು ನೋಡಿದರೆ, ನರಸಿಂಹನ್ ಅವರು ಶಿಂಧೆಯವರ ಲೇಖನದಲ್ಲಿಯೂ, ಶಿಂಧೆಯವರು ನರಸಿಂಹನ್ ಅವರ ಲೇಖನದಲ್ಲಿಯೂ, ಡೇವಿಡ್ ರೈಕ್, ನೀರಜ್ ರಾಯ್ ಮೊದಲಾದವರು ಎರಡರಲ್ಲಿಯೂ ಇರುವುದು ಕಂಡುಬರುತ್ತದೆ. ಇದರಿಂದ ಆ ಲೇಖನಗಳ ಬೆಲೆ ಕುಗ್ಗಿತೆಂದು ನಮ್ಮ ಅಭಿಪ್ರಾಯವಲ್ಲ. ಕೂಡಿ ದುಡಿಯುವ ವಿಜ್ಞಾನದಲ್ಲಿ ಅದು ಸಹಜವೇ. ಆದರೆ ಎರಡು ಸ್ವತಂತ್ರ ಸಾಕ್ಷ್ಯಗಳು ಒಂದನ್ನೇ ಹೇಳಿದುವೆಂದು ಚರಿತ್ರಕಾರನು ವಾದಿಸುವಂತಿಲ್ಲ. ಒಂದೇ ಮೂಲದಿಂದ ಇಳಿದ ಎರಡು ಓಲೆಪ್ರತಿಗಳನ್ನು ಗ್ರಂಥಸಂಪಾದಕನು ಎರಡು ಸಾಕ್ಷ್ಯಗಳೆಂದು ಎಣಿಸುವುದಿಲ್ಲವಷ್ಟೆ. ಆರ್ಯರ ವಲಸೆಯಂತಹ, ವಿದ್ವತ್ತಿನ ಹೊರಗೂ ಕಾವೇರಿದ ಚರ್ಚೆಗೆ ಕಾರಣವಾಗಿರುವ ವಿಷಯದಲ್ಲಿ ಈ ಎಚ್ಚರವು ತಪ್ಪಿದರೆ ಪರಿಣಾಮವು ಅಡಿಟಿಪ್ಪಣಿಯಲ್ಲಿ ನಿಲ್ಲುವುದಿಲ್ಲ. ಅದು ಪಾಠದ ಕೊಠಡಿಯನ್ನೂ ಪತ್ರಿಕೆಗಳನ್ನೂ ಸೇರುತ್ತದೆ.

ಹಾಗಾದರೆ ಎಲ್ಲ ಹೆಸರುಗಳನ್ನೂ ಎಲ್ಲ ಕಡೆಯಲ್ಲಿಯೂ ಬರೆಯಬೇಕೆ? ಅದು ಆಗದ ಮಾತು. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ೨೦೧೫ರಲ್ಲಿ ಪ್ರಕಟವಾದ ಭೌತವಿಜ್ಞಾನದ ಲೇಖನವೊಂದಕ್ಕೆ ೫,೧೫೪ ಮಂದಿ ಕರ್ತೃಗಳು. ಅದರ ಮೂವತ್ತಮೂರು ಪುಟಗಳಲ್ಲಿ ಇಪ್ಪತ್ತನಾಲ್ಕು ಪುಟಗಳು ಕರ್ತೃಗಳ ಮತ್ತು ಅವರ ಸಂಸ್ಥೆಗಳ ಹೆಸರುಗಳಿಗೇ ಮೀಸಲಾದುವು. ಸಂಕ್ಷೇಪವಿಲ್ಲದೆ ನಡೆಯುವಂತಿಲ್ಲವೆಂಬುದು ಸ್ಪಷ್ಟ. ಎಲ್ಲಿ ಸಂಕ್ಷೇಪಿಸಬೇಕೆಂಬ ಬಗ್ಗೆ ಕೈಪಿಡಿಗಳಲ್ಲಿ ಏಕಾಭಿಪ್ರಾಯವಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘದ ಕೈಪಿಡಿಯ ೨೦೧೯ರ ಆವೃತ್ತಿಯು ಮೂವರು ಅಥವಾ ಹೆಚ್ಚು ಕರ್ತೃಗಳಿದ್ದರೆ ಲೇಖನದ ಒಡಲಿನಲ್ಲಿ ಮೊದಲನೆಯವರ ಹೆಸರು ಸಾಕೆನ್ನುತ್ತದೆ. ಕೊನೆಯ ಗ್ರಂಥಸೂಚಿಯಲ್ಲಿ ಮಾತ್ರ ಇಪ್ಪತ್ತು ಮಂದಿಯವರೆಗೆ ಎಲ್ಲರನ್ನೂ ಹೆಸರಿಸಬೇಕೆನ್ನುತ್ತದೆ. ಆಧುನಿಕ ಭಾಷಾ ಸಂಘದ ಕೈಪಿಡಿಯು ಮೂವರಿದ್ದರೇ ಸೂಚಿಯಲ್ಲಿಯೂ ಒಂದೇ ಹೆಸರಿಗೆ ಇಳಿಯುತ್ತದೆ. ಚರಿತ್ರಕಾರರು ಹೆಚ್ಚಾಗಿ ಬಳಸುವ ಷಿಕಾಗೊ ಕೈಪಿಡಿಯ ೨೦೧೭ರ ಆವೃತ್ತಿಯು ಗ್ರಂಥಸೂಚಿಯಲ್ಲಿ ಹತ್ತು ಹೆಸರುಗಳವರೆಗೆ ಪೂರ್ಣವಾಗಿ ಬರೆಯಬೇಕೆಂದಿತು. ೨೦೨೪ರ ಆವೃತ್ತಿಯು ಆ ಮಿತಿಯನ್ನು ಆರಕ್ಕೆ ಇಳಿಸಿತು. ಮೂರು, ಆರು, ಹತ್ತು, ಇಪ್ಪತ್ತು ಎಂಬ ಈ ಸಂಖ್ಯೆಗಳು ಪುಟದ ಅನುಕೂಲದಿಂದ ಹುಟ್ಟಿದುವೇ ಹೊರತು ತತ್ತ್ವದಿಂದಲ್ಲ. ನಿಯತಕಾಲಿಕೆಯು ಯಾವ ಕೈಪಿಡಿಯನ್ನು ವಿಧಿಸಿದೆಯೋ ಅದನ್ನು ಅನುಸರಿಸುವುದು ಲೇಖಕನ ಕರ್ತವ್ಯ. ಆದರೆ ಕೈಪಿಡಿಯನ್ನು ಅನುಸರಿಸಿದ ಮಾತ್ರಕ್ಕೆ ಆಕರ ವಿಮರ್ಶೆಯ ಹೊಣೆ ತೀರಿತೆಂದು ತಿಳಿಯಲಾಗದು.

ವಿಜ್ಞಾನಿಗಳೂ ಈ ಕೊರತೆಯನ್ನು ಮನಗಂಡಿರುವರು. ಪ್ರತಿಯೊಬ್ಬ ಕರ್ತೃವು ಮಾಡಿದ ಕೆಲಸವೇನು, ಅಂದರೆ ಕಲ್ಪನೆಯೇ, ದತ್ತಾಂಶದ ಸಂಗ್ರಹವೇ, ಬರವಣಿಗೆಯೇ, ಮೇಲ್ವಿಚಾರಣೆಯೇ ಎಂಬುದನ್ನು ಹದಿನಾಲ್ಕು ಬಗೆಗಳಾಗಿ ವಿಂಗಡಿಸಿ ಲೇಖನದ ಕೊನೆಯಲ್ಲಿ ತಿಳಿಸುವ ‘ಕ್ರೆಡಿಟ್’ ಎಂಬ ಪದ್ಧತಿಯು ೨೦೧೪ರಿಂದ ಈಚೆಗೆ ಅನೇಕ ಪತ್ರಿಕೆಗಳಲ್ಲಿ ಬಳಕೆಗೆ ಬಂದಿದೆ. ವೀರಸೇನ, ಜಿನಸೇನರ ಪಾಲನ್ನು ಬೇರೆ ಬೇರೆಯಾಗಿ ಕಾಪಾಡಿಕೊಂಡು ಬಂದ ಪರಂಪರೆಗೆ ಇದು ಅಪರಿಚಿತವೆನಿಸಬೇಕಾಗಿಲ್ಲ. ಇಂತಹ ಹೇಳಿಕೆ ಇರುವಲ್ಲಿ ಉಲ್ಲೇಖಿಸುವವನು ಅದನ್ನು ಓದಬೇಕು.

ಕೊನೆಯದಾಗಿ, ಕರ್ತೃಗಳು ಅಸಂಖ್ಯರೂ ಅನಾಮಧೇಯರೂ ಆಗಿರುವ ಆಕರಗಳು. ೨೦೦೧ರಲ್ಲಿ ಆರಂಭವಾದ ವಿಕಿಪೀಡಿಯವೂ ೨೦೦೩ರಲ್ಲಿ ಮೊದಲಾದ ಅದರ ಕನ್ನಡ ಆವೃತ್ತಿಯೂ ಇದಕ್ಕೆ ನಿದರ್ಶನ. ಇಲ್ಲಿಯ ಪುಟಕ್ಕೆ ಕರ್ತೃವಿಲ್ಲವೆಂಬುದು ತಪ್ಪು ತಿಳಿವಳಿಕೆ. ಪ್ರತಿಯೊಂದು ಪುಟದ ಹಿಂದೆಯೂ ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಬಳಕೆದಾರನು ಏನನ್ನು ಸೇರಿಸಿದನು, ಏನನ್ನು ತೆಗೆದನು ಎಂಬ ಇತಿಹಾಸವು ಉಳಿದಿರುತ್ತದೆ. ಅಚ್ಚಿನ ಯಾವ ವಿಶ್ವಕೋಶವೂ ಇಷ್ಟು ವಿವರವಾದ ಲೆಕ್ಕವನ್ನು ಇಟ್ಟುದಿಲ್ಲ. ಆದರೆ ಕೊನೆಯಲ್ಲಿ ತಿದ್ದಿದವನನ್ನೇ ಕರ್ತೃವೆಂದು ಬರೆಯುವುದು ಸಲ್ಲದು. ಅವನು ಒಂದು ಅಲ್ಪವಿರಾಮವನ್ನಷ್ಟೇ ತಿದ್ದಿರಬಹುದು. ಪುಟದ ಶೀರ್ಷಿಕೆ, ಓದಿದ ಆವೃತ್ತಿಯ ದಿನಾಂಕ ಮತ್ತು ವೇಳೆ, ಆ ಆವೃತ್ತಿಯ ಶಾಶ್ವತ ಕೊಂಡಿ ಇವಿಷ್ಟನ್ನು ಕೊಟ್ಟರೆ ಓದುಗನು ನಾವು ಕಂಡುದನ್ನೇ ಕಾಣಬಲ್ಲನು. ಅಂತಹ ಪುಟವನ್ನು ಸಂಗತಿಯ ಪ್ರಮಾಣವಾಗಿ ಬಳಸದೆ, ಅದು ತೋರಿಸುವ ಮೂಲ ಆಕರದವರೆಗೆ ನಡೆದುಹೋಗುವುದೇ ಲೇಸು.

ಮೇಲಿನ ವಿವೇಚನೆಯಿಂದ ಫಲಿಸುವ ಕೆಲವು ಸೂತ್ರಗಳನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಸಂಗ್ರಹಿಸಿ ಹೇಳುತ್ತೇವೆ. ಒಂದು: ಇಬ್ಬರು ಅಥವಾ ಮೂವರು ಕರ್ತೃಗಳಿದ್ದರೆ, ಕೈಪಿಡಿಯು ಅಡ್ಡಿಪಡಿಸದ ಮಟ್ಟಿಗೆ, ಎಲ್ಲರನ್ನೂ ಮೊದಲಕ್ಷರಗಳೊಡನೆ ಮೂಲದಲ್ಲಿರುವ ಕ್ರಮದಲ್ಲಿಯೇ ಹೆಸರಿಸುವುದು. ಎರಡು: ಹೆಚ್ಚು ಮಂದಿಯಿದ್ದಾಗ ಒಡಲಿನಲ್ಲಿ ‘ಮತ್ತಿತರರು’ ಎನ್ನಬಹುದು, ಆದರೆ ಲೇಖನದ ಸ್ಥಿರ ಗುರುತಾದ ಡಿ.ಒ.ಐ. ಸಂಖ್ಯೆಯನ್ನು ಸೂಚಿಯಲ್ಲಿ ತಪ್ಪದೆ ಕೊಟ್ಟು, ಪೂರ್ಣ ಪಟ್ಟಿಯು ಓದುಗನ ಕೈಗೆ ಎಟುಕುವಂತೆ ಮಾಡುವುದು. ಮೂರು: ಒಂದೇ ಸಂಗತಿಗೆ ಎರಡು ಬಹುಕರ್ತೃಕ ಲೇಖನಗಳನ್ನು ಆಧಾರವಾಗಿ ಕೊಡುವ ಮುನ್ನ ಎರಡರ ಪಟ್ಟಿಗಳನ್ನೂ ಹೋಲಿಸುವುದು, ಕರ್ತೃಗಳು ಸಮಾನರಾಗಿದ್ದರೆ ಅದನ್ನು ಒಂದು ವಾಕ್ಯದಲ್ಲಿ ತಿಳಿಸುವುದು. ನಾಲ್ಕು: ಪೂರ್ವಮುದ್ರಣವನ್ನು ಪೂರ್ವಮುದ್ರಣವೆಂದೇ ಹೇಳಿ, ಆವೃತ್ತಿಯನ್ನೂ ದಿನಾಂಕವನ್ನೂ ಕಾಣಿಸುವುದು. ಐದು: ಛಾಯಾಪ್ರತಿಯಲ್ಲಿ ಓದಿದ ಪುಸ್ತಕಕ್ಕೆ ಪುಸ್ತಕದ ಕರ್ತೃ, ಸಂಪಾದಕ, ಆವೃತ್ತಿ, ವರ್ಷಗಳನ್ನು ಮೊದಲು ಬರೆದು, ಜಾಲವಿಳಾಸವನ್ನೂ ನೋಡಿದ ದಿನವನ್ನೂ ಆಮೇಲೆ ಸೇರಿಸುವುದು. ಆರು: ಜಾಲಪುಟಗಳು ಅಳಿಯತಕ್ಕವಾದುದರಿಂದ, ಸಾಧ್ಯವಿದ್ದಲ್ಲಿ ಜಾಲ ದಾಖಲೆಗಾರದಲ್ಲಿ ಉಳಿಸಿದ ಪ್ರತಿಯ ವಿಳಾಸವನ್ನೂ ಕೊಡುವುದು.

ಇಷ್ಟೆಲ್ಲ ಶ್ರಮವೇಕೆ, ಮೊದಲ ಕರ್ತೃವಿನ ಹೆಸರಿನಿಂದಲೇ ಲೇಖನವು ಕ್ಷಣಮಾತ್ರದಲ್ಲಿ ದೊರೆಯುವುದಲ್ಲ ಎಂದು ಕೇಳುವವರು ಇರಬಹುದು. ದೊರೆಯುವುದು ನಿಜ. ಆದರೆ ಆಕರವು ದೊರೆತ ಮೇಲೆ ಮಾಡಬೇಕಾದ ಕೆಲಸವೇ ಚರಿತ್ರಕಾರನದು. ಶಾಸನವೊಂದರ ಕೊನೆಯಲ್ಲಿ ಬರೆದವನ ಹೆಸರನ್ನೂ ಕಂಡರಿಸಿದವನ ಹೆಸರನ್ನೂ ಕಂಡಾಗ ನಾವು ಅವನ್ನು ಬಿಡದೆ ಟಿಪ್ಪಣಿಸಿಕೊಳ್ಳುತ್ತೇವೆ. ಸಾವಿರ ವರ್ಷಗಳ ಹಿಂದಿನ ಶಿಲ್ಪಿಗೆ ಸಲ್ಲಿಸುವ ಈ ಗೌರವವನ್ನು ನಮ್ಮ ಕಾಲದಲ್ಲಿಯೇ ದುಡಿಯುತ್ತಿರುವವರಿಗೆ ನಿರಾಕರಿಸುವುದು ಯುಕ್ತವಲ್ಲ. ಪಟ್ಟಿಯ ನಡುವೆ ಎಲ್ಲಿಯೋ ಇರುವ ಹೆಸರು ನೆಲವನ್ನು ಅಗೆದವನದಾಗಿರಬಹುದು, ಎಲುಬನ್ನು ಗುರುತಿಸಿದವಳದಾಗಿರಬಹುದು. ಒಂದು ದಿನ ಅವರ ಮಾತೇ ನಿರ್ಣಾಯಕವಾಗಿ, ಅವರು ಯಾರೆಂದು ಚರಿತ್ರಕಾರನು ಹುಡುಕಬೇಕಾಗಬಹುದು. ಆ ಹುಡುಕಾಟಕ್ಕೆ ಬೇಕಾದ ದಾರಿಯನ್ನು ತೆರೆದಿಡುವಷ್ಟು ಕೆಲಸವನ್ನಾದರೂ ನಮ್ಮ ಅಡಿಟಿಪ್ಪಣಿಗಳು ಮಾಡಬೇಕು.